ಪಚ್ಚಬಾಳೆಯ ಹೆಸರಿನ ಮನೆತನ: ಕ್ಯಾವೆಂಡಿಶರ ಆಸ್ತಿ ಯಾಕೆ ಹಿಸ್ಸೆಯಾಗಲಿಲ್ಲ?

ಪ್ರಶ್ನೆ: ನಾವು ಬೆಳೆಯುವ ಪಚ್ಚಬಾಳೆ, ಜಿ-9 ಎಲ್ಲ ‘ಕ್ಯಾವೆಂಡಿಶ್’ ಗುಂಪಿನವು, ಆ ಹೆಸರು ಇಂಗ್ಲೆಂಡಿನ ಒಬ್ಬ ಡ್ಯೂಕ್‌ನ ಮನೆತನದ್ದು ಎಂದು ಓದಿದೆ. ಆ ಮನೆತನ ಸುಮಾರು 475 ವರ್ಷದಿಂದ ಒಂದೇ ಅರಮನೆಯಲ್ಲಿ ಇದೆಯಂತೆ. ನಮ್ಮ ಮುತ್ತಜ್ಜನಿಗೆ 60 ಎಕರೆ ಇತ್ತು. ಮೂರು ತಲೆಮಾರಿನ ಹಿಸ್ಸೆ ಮುಗಿದು ಈಗ ನನ್ನ ಪಹಣಿಯಲ್ಲಿ ಇರುವುದು ಎರಡೂವರೆ ಎಕರೆ. ಅವರದು ಒಡೆಯದೆ ಹೇಗೆ ಉಳಿಯಿತು? ಇನ್ನೊಂದು ಸಂಶಯ: ಡೆವನ್‌ಶೈರಿನ ಡ್ಯೂಕ್ ಡರ್ಬಿಶೈರಿನಲ್ಲಿ ಯಾಕೆ ವಾಸವಾಗಿದ್ದಾನೆ?

ಉತ್ತರ: ಮೊದಲು ಬಾಳೆಯ ವಿಷಯ ಮುಗಿಸಿಬಿಡೋಣ. ಮುಂದೆ ಅದು ಮತ್ತೆ ಬೇಕಾಗುತ್ತದೆ.

ನೀವು ಓದಿದ್ದು ಸರಿ, ಆದರೆ ತಳಿಯನ್ನು ಡ್ಯೂಕ್ ಕಂಡುಹಿಡಿಯಲಿಲ್ಲ. ಆ ಗಿಡ ದಕ್ಷಿಣ ಚೀನಾ ಕಡೆಯದು. ಮಾರಿಷಸ್ ದಾರಿಯಾಗಿ ಇಂಗ್ಲೆಂಡಿಗೆ ಬಂತು. 1830ರ ಸುಮಾರಿಗೆ ಆರನೇ ಡ್ಯೂಕ್‌ನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಅದನ್ನು ಡರ್ಬಿಶೈರಿನ ಚ್ಯಾಟ್ಸ್‌ವರ್ತ್ ಅರಮನೆಯ, ಅಂದರೆ ನೀವು ಹೇಳಿದ ಆ ಅರಮನೆಯ, ಗಾಜಿನ ಮನೆಯಲ್ಲಿ ನೆಟ್ಟ. ಹಿಮ ಬೀಳುವ ಊರಿನಲ್ಲಿ ಕಲ್ಲಿದ್ದಲು ಸುಟ್ಟು, ಬಿಸಿ ಹಿಡಿದಿಟ್ಟು ಬೆಳೆಸಿದ ಬಾಳೆ ಅದು. 1835ರ ಕೊನೆಯಲ್ಲಿ ಹೂ ಬಿಟ್ಟಿತು. ಯಜಮಾನನ ಮನೆತನದ ಹೆಸರನ್ನೇ ಅದಕ್ಕೆ ಇಟ್ಟರು. ಜಾನ್ ವಿಲಿಯಮ್ಸ್ ಎಂಬ ಮಿಷನರಿ ಅದರ ಗಿಡಗಳನ್ನು ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ಒಯ್ದ. ನಿಮ್ಮ ತೋಟದ ಗಿಡದ ಮುತ್ತಜ್ಜಿ ಚ್ಯಾಟ್ಸ್‌ವರ್ತಿನವಳೇ ಎಂದು ಇದರ ಅರ್ಥ ಅಲ್ಲ. ಹೆಸರು ಅಲ್ಲಿಯದು, ಅಷ್ಟೇ.

ಈಗ ಆಸ್ತಿಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಬೇಕು. ಕ್ಯಾವೆಂಡಿಶರ ಆಸ್ತಿ ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋಗಲಿಲ್ಲ, ನಿಜ. ಆದರೆ ಕರಗಿದೆ. 1870ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಅವರಿಗೆ ಹತ್ತಿರಹತ್ತಿರ 2 ಲಕ್ಷ ಎಕರೆ ಇತ್ತು. ಇವತ್ತು ಡರ್ಬಿಶೈರಿನಲ್ಲಿ ಸುಮಾರು 35 ಸಾವಿರ, ಯಾರ್ಕ್‌ಶೈರಿನ ಬೋಲ್ಟನ್ ಆ್ಯಬಿಯಲ್ಲಿ ಸುಮಾರು 30 ಸಾವಿರ, ಐರ್ಲೆಂಡಿನ ಲಿಸ್ಮೋರಿನಲ್ಲಿ ಒಂದಿಷ್ಟು. ಉಳಿದದ್ದು ಮಾರಿಹೋಯಿತು, ಇಲ್ಲವೇ ತೆರಿಗೆಗೆ ಹೋಯಿತು. ಹಾಗಾಗಿ ಎರಡು ಕಥೆ ಹೇಳಬೇಕು. ಮುನ್ನೂರು ವರ್ಷ ಅದು ಬೆಳೆದದ್ದು ಹೇಗೆ, ಆಮೇಲಿನ ನೂರು ವರ್ಷ ಪೂರ್ತಿ ಮುಳುಗದೆ ಉಳಿದದ್ದು ಹೇಗೆ.

ಶುರುವಾದದ್ದು ಒಬ್ಬ ಸರ್ಕಾರಿ ನೌಕರನಿಂದ. ಎಂಟನೇ ಹೆನ್ರಿ ರಾಜ 1530ರ ದಶಕದಲ್ಲಿ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಭೂಮಿಯನ್ನು ಖಜಾನೆಗೆ ಸೇರಿಸಿಕೊಂಡ. ಮಠಮಠಕ್ಕೆ ಹೋಗಿ ಲೆಕ್ಕ ನೋಡಿ, ಬೀಗ ಹಾಕಿಸಿ ಬರುವವರ ಪೈಕಿ ವಿಲಿಯಂ ಕ್ಯಾವೆಂಡಿಶ್ ಒಬ್ಬ. ಲೆಕ್ಕ ಬರೆಯುವವನ ಕೈಗೆ ಒಂದಿಷ್ಟು ಭೂಮಿ ಅಂಟಿಕೊಳ್ಳುವುದು ಯಾವ ದೇಶದಲ್ಲೂ ಹೊಸದಲ್ಲ, ಅಲ್ವಾ? 1547ರಲ್ಲಿ ಅವನು ಮೂರನೇ ಮದುವೆಯಾದ. ಹುಡುಗಿ ಡರ್ಬಿಶೈರಿನ ಎಲಿಜಬೆತ್, ಎಲ್ಲರ ಬಾಯಲ್ಲಿ ‘ಹಾರ್ಡ್‌ವಿಕ್‌ನ ಬೆಸ್’. ಆಗಲೇ ಒಮ್ಮೆ ವಿಧವೆಯಾಗಿದ್ದವಳು.

ನನ್ನ ಪ್ರಕಾರ ಈ ಮನೆತನವನ್ನು ಕಟ್ಟಿದ್ದು ಅವಳೇ. ಗಂಡನ ಜಮೀನು ಸಫೊಕ್ ಮತ್ತಿತರ ಕಡೆ ಚದುರಿತ್ತು. ಅದನ್ನು ಮಾರಿಸಿ, ತನ್ನ ತವರಿನ ಕಡೆ ಕೊಳ್ಳಿಸಿದಳು. 1549ರಲ್ಲಿ 600 ಪೌಂಡಿಗೆ ಚ್ಯಾಟ್ಸ್‌ವರ್ತ್ ಬಂತು. ಡರ್ವೆಂಟ್ ಹೊಳೆಯ ದಂಡೆ, ನೆರೆ ಬರುವ ಜಾಗ, ಊರಿಂದ ದೂರ. ಆಗ ಅದನ್ನು ಕೊಂಡದ್ದು ನೋಡಿ ಎಷ್ಟೋ ಜನ ನಕ್ಕಿರಬೇಕು. 1552ರಲ್ಲಿ ಮನೆ ಕಟ್ಟಲು ಶುರುಮಾಡಿದರು. ಐದೇ ವರ್ಷಕ್ಕೆ ಗಂಡ ತೀರಿಕೊಂಡ. ಬೆಸ್ ಆಮೇಲೆ ಇನ್ನೂ ಎರಡು ಮದುವೆಯಾದಳು. ನಾಲ್ಕನೇ ಗಂಡ ಶ್ರೂಸ್‌ಬರಿಯ ಅರ್ಲ್ (ಡ್ಯೂಕ್‌ಗಿಂತ ಕೆಳಗಿನ ಬಿರುದು). ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು 15 ವರ್ಷ ಸೆರೆಯಲ್ಲಿ ಕಾಯುವ ಕೆಲಸ ಅವನಿಗೆ ಬಿದ್ದಿತ್ತು. ಆ ರಾಣಿಯನ್ನು ಎಷ್ಟೋ ಸಲ ಚ್ಯಾಟ್ಸ್‌ವರ್ತಿನಲ್ಲೇ ಇಟ್ಟಿದ್ದರು. ಪ್ರತಿ ಮದುವೆಯಲ್ಲೂ ಬೆಸ್‌ಳ ಆಸ್ತಿ ಬೆಳೆಯಿತು. ಮಕ್ಕಳು ಮಾತ್ರ ಎಲ್ಲ ಎರಡನೇ ಗಂಡನವು, ಅಂದರೆ ಕ್ಯಾವೆಂಡಿಶರು. ಕೊನೆಗಾಲದಲ್ಲಿ ತನಗೇ ಎಂದು ಹಾರ್ಡ್‌ವಿಕ್ ಹಾಲ್ ಕಟ್ಟಿಸಿದಳು. ಗಾಜು ಚಿನ್ನದಷ್ಟು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಗಾಜೇ ಜಾಸ್ತಿ ಎನ್ನುವಂಥ ಮನೆ. ಗೋಪುರಗಳ ನೆತ್ತಿಯಲ್ಲಿ ಕಲ್ಲಿನಲ್ಲಿ ಕೆತ್ತಿದ ತನ್ನ ಹೆಸರಿನ ಅಕ್ಷರಗಳು. ಇವತ್ತಿಗೂ ಮೈಲಿಗಟ್ಟಲೆ ದೂರಕ್ಕೆ ಕಾಣುತ್ತವೆ.

ತಮಾಷೆಯೆಂದರೆ, ಹಿರಿಮಗನಿಗೇ ಎಲ್ಲ ಎನ್ನುವ ಪದ್ಧತಿ ಈ ಮನೆಯಲ್ಲಿ ಶುರುವಿನಲ್ಲೇ ಎಡವಿತು. ಹಿರಿಯ ಹೆನ್ರಿಗೂ ತಾಯಿಗೂ ಆಗುತ್ತಿರಲಿಲ್ಲ. ಚ್ಯಾಟ್ಸ್‌ವರ್ತ್ ಮಾತ್ರ ಹಳೆಯ ಕರಾರಿನ ಪ್ರಕಾರ ಅವನಿಗೆ ಹೋಗಲೇಬೇಕಿತ್ತು. ತನ್ನ ಕೈಲಿದ್ದದ್ದನ್ನೆಲ್ಲ ಬೆಸ್ ಎರಡನೇ ಮಗ ವಿಲಿಯಂಗೆ ಕೊಟ್ಟಳು. 1608ರಲ್ಲಿ ಅವಳು ತೀರಿದ ಮೇಲೆ ವಿಲಿಯಂ ಅಣ್ಣನಿಂದ ಚ್ಯಾಟ್ಸ್‌ವರ್ತನ್ನೂ ಕೊಂಡುಕೊಂಡ. ಇಂದಿನ ಡ್ಯೂಕ್‌ಗಳು ಈ ತಮ್ಮನ ಸಂತತಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಿಮಗೆ ಇದನ್ನು ಬಾಳೆ ತೋಟದ ಭಾಷೆಯಲ್ಲೇ ಹೇಳಬಹುದು. ಗೊನೆ ಕಡಿದ ಮೇಲೆ ಕೂಳೆ ಬೆಳೆಗೆ ಏನು ಮಾಡುತ್ತೀರಿ? ಬುಡದಲ್ಲಿ ಐದಾರು ಕಂದು ಎದ್ದಿರುತ್ತವೆ. ಒಂದನ್ನು ಬಿಟ್ಟು ಉಳಿದದ್ದನ್ನು ಕತ್ತರಿಸುತ್ತೀರಿ. ಎಲ್ಲವನ್ನೂ ಬಿಟ್ಟರೆ ಒಂದಕ್ಕೂ ಒಳ್ಳೆಯ ಗೊನೆ ಬರುವುದಿಲ್ಲ. ಇಂಗ್ಲೆಂಡಿನ ದೊಡ್ಡ ಜಮೀನ್ದಾರರು ಮಕ್ಕಳ ವಿಷಯದಲ್ಲಿ ಮಾಡಿದ್ದು ಇದೇ ಕೆಲಸ.

ನಮ್ಮ ಹಿಂದೂ ಅವಿಭಕ್ತ ಕುಟುಂಬದ ಹಳೆಯ ನಿಯಮದಲ್ಲಿ ಗಂಡುಮಗು ಹುಟ್ಟುತ್ತಲೇ ಪಿತ್ರಾರ್ಜಿತದಲ್ಲಿ ಪಾಲುದಾರ. ಈಗ ಹೆಣ್ಣುಮಕ್ಕಳೂ ಪಾಲುದಾರರು. ಯಾರಾದರೂ ಒಬ್ಬರು ‘ನನ್ನ ಭಾಗ ಕೊಡಿ’ ಎಂದರೆ ಸಾಕು. ಅಲ್ಲಿ ಹಾಗಲ್ಲ. ಭೂಮಿ ಹಿರಿಮಗನಿಗೆ. ಬರೀ ಇಷ್ಟೇ ಆಗಿದ್ದರೆ ಯಾವನೋ ಒಬ್ಬ ಶೋಕಿಲಾಲ ಹಿರಿಮಗ ಜೂಜಾಡಿ ಎಲ್ಲ ಕಳೆದುಬಿಡುತ್ತಿದ್ದ. ಅದಕ್ಕಾಗಿ 17ನೇ ಶತಮಾನದಲ್ಲಿ ವಕೀಲರು ಒಂದು ಕರಾರು ಪತ್ರ ರೂಢಿಗೆ ತಂದರು. ಅದರ ಪ್ರಕಾರ ಹಿರಿಮಗನೂ ಮಾಲೀಕನಲ್ಲ. ಬದುಕಿರುವ ತನಕ ಅನುಭವಿಸುವ ಹಕ್ಕು ಮಾತ್ರ ಅವನದು. ಗೇಣಿ ಅವನಿಗೆ ಬರುತ್ತದೆ, ಅರಮನೆಯಲ್ಲಿ ಇರುತ್ತಾನೆ, ಆದರೆ ಮಾರುವ ಹಾಗಿಲ್ಲ. ಅವನ ನಂತರ ಅವನ ಹಿರಿಮಗನಿಗೆ ಹೋಗಬೇಕು ಎಂದು ಪತ್ರದಲ್ಲೇ ಬರೆದಿರುತ್ತದೆ.

ಆ ಹಿರಿಮಗನಿಗೆ 21 ವರ್ಷ ತುಂಬಿದಾಗ ಅಪ್ಪ ಮಗ ಇಬ್ಬರೂ ಸೇರಿ ಕರಾರನ್ನು ಮುರಿಯಬಹುದಿತ್ತು. ಚಾಲಾಕಿತನ ಇರುವುದೇ ಇಲ್ಲಿ. ಆ ವಯಸ್ಸಿನ ಹುಡುಗನಿಗೆ ಕೈಖರ್ಚಿಗೆ ದುಡ್ಡು ಬೇಕು, ಮದುವೆ ಆಗಬೇಕು. ಅಪ್ಪ ‘ವರ್ಷಕ್ಕೆ ಇಷ್ಟು ಕೊಡುತ್ತೇನೆ, ಹೊಸ ಪತ್ರಕ್ಕೆ ಸಹಿ ಹಾಕು’ ಎನ್ನುತ್ತಿದ್ದ. ಹೊಸ ಪತ್ರದಲ್ಲಿ ಮಗನೂ ಬರೀ ಜೀವಮಾನದ ಹಕ್ಕುದಾರ. ಆಸ್ತಿ ಇನ್ನೂ ಹುಟ್ಟದ ಮೊಮ್ಮಗನ ಹೆಸರಿಗೆ. ಹೀಗೆ ತಲೆಮಾರಿಗೊಮ್ಮೆ ಗಂಟು ಮತ್ತೆ ಬಿಗಿಯುತ್ತಿತ್ತು. ಯಾವ ಕಾಲದಲ್ಲಿ ನೋಡಿದರೂ ಆಸ್ತಿಗೆ ನಿಜವಾದ ಮಾಲೀಕ ಇನ್ನೂ ತೊಟ್ಟಿಲಲ್ಲಿ ಇರುತ್ತಿದ್ದ, ಇಲ್ಲವೇ ಹುಟ್ಟಿಯೇ ಇರುತ್ತಿರಲಿಲ್ಲ.

ಕತ್ತರಿಸಿದ ಕಂದುಗಳು ಏನಾದವು ಅಂತ ಕೇಳಬಹುದು. ತಮ್ಮಂದಿರಿಗೆ ನಗದು ಹಣ, ಪಾರ್ಲಿಮೆಂಟಿನ ಸೀಟು, ಸೈನ್ಯದಲ್ಲಿ ಹುದ್ದೆ. ಹೆಣ್ಣುಮಕ್ಕಳಿಗೆ ಮದುವೆಯ ಹಣ. ಭೂಮಿ ಇಲ್ಲ. ಈ ಹಣವನ್ನೆಲ್ಲ ಆಸ್ತಿಯ ಮೇಲೆ ಸಾಲವಾಗಿ ಹೊರಿಸುತ್ತಿದ್ದರು. ಎರಡನೇ ಡ್ಯೂಕ್‌ನ ಕಿರಿಮಗನ ಮಗ ಹೆನ್ರಿ ಕ್ಯಾವೆಂಡಿಶ್ ಹೀಗೆ ಭೂಮಿ ಸಿಗದ ಕವಲಿನವನು. ಜಲಜನಕವನ್ನು ಬೇರೆಯೇ ಅನಿಲವೆಂದು ಗುರುತಿಸಿದ ವಿಜ್ಞಾನಿ ಅವನೇ. ಮಾತು ಕಮ್ಮಿ, ಜನರನ್ನು ಕಂಡರೆ ಓಡುವ ಸ್ವಭಾವ. 1797-98ರಲ್ಲಿ ಎರಡು ದೊಡ್ಡ ಸೀಸದ ಗುಂಡು, ಎರಡು ಸಣ್ಣ ಗುಂಡು, ಒಂದು ತಂತಿ ಇಟ್ಟುಕೊಂಡು ಭೂಮಿಯ ಸಾಂದ್ರತೆ ಲೆಕ್ಕ ಹಾಕಿದ. ಎಕರೆ ಲೆಕ್ಕದಲ್ಲಿ ಭೂಮಿ ಸಿಗದವನು ಇಡೀ ಭೂಮಿಯನ್ನೇ ತೂಗಿದ ಅನ್ನಿ.

ಒಡೆಯದೆ ಉಳಿದದ್ದು ಹೀಗೆ. ಬೆಳೆದದ್ದು ಬಹುಪಾಲು ಮದುವೆಯಿಂದ. ನಾಲ್ಕನೇ ಡ್ಯೂಕ್ 1756-57ರಲ್ಲಿ ಕೆಲವು ತಿಂಗಳು ಪ್ರಧಾನಿಯಾಗಿದ್ದ. ಆದರೆ ಮನೆತನದ ಲೆಕ್ಕದಲ್ಲಿ ಅವನ ದೊಡ್ಡ ಕೆಲಸ 1748ರ ಮದುವೆ. ಹೆಂಡತಿ ಶಾರ್ಲಟ್ ಬಾಯ್ಲ್, ಬರ್ಲಿಂಗ್ಟನ್ ಅರ್ಲ್‌ನ ಮಗಳು, ಅವನ ಆಸ್ತಿಗೆಲ್ಲ ವಾರಸುದಾರಳು. ಅವಳು 23ನೇ ವಯಸ್ಸಿಗೇ ತೀರಿಕೊಂಡಳು. ಅವಳ ಕಡೆಯಿಂದ ಬಂದದ್ದು ನೋಡಿ: ಲಂಡನ್ನಿನ ಬರ್ಲಿಂಗ್ಟನ್ ಹೌಸ್, ಚಿಸಿಕ್ ಹೌಸ್, ಯಾರ್ಕ್‌ಶೈರಿನ ಬೋಲ್ಟನ್ ಆ್ಯಬಿ ಮತ್ತು ಲೊಂಡ್ಸ್‌ಬರೊ, ಐರ್ಲೆಂಡಿನ ಲಿಸ್ಮೋರ್ ಕೋಟೆ. ಗಂಡುಮಕ್ಕಳಿಲ್ಲದೆ ಬರ್ಲಿಂಗ್ಟನ್ ಮನೆ ಕ್ಯಾವೆಂಡಿಶರಲ್ಲಿ ಲೀನವಾಯಿತು. ಒಂದು ಮನೆತನ ದೊಡ್ಡದಾಯಿತು ಎಂದರೆ ಪಕ್ಕದಲ್ಲಿ ಇನ್ನೊಂದರ ದೀಪ ಆರಿತು ಎಂದೇ ಲೆಕ್ಕ.

ಐದನೇ ಡ್ಯೂಕ್‌ನ ಹೆಂಡತಿ ಜಾರ್ಜಿಯಾನಾ ಸ್ಪೆನ್ಸರ್ ಜೂಜಿನ ಸಾಲಕ್ಕೆ ಹೆಸರಾದವಳು. ಅವಳ ಮಗ ಆರನೇ ಡ್ಯೂಕ್ 21ನೇ ವಯಸ್ಸಿಗೆ ಪಟ್ಟಕ್ಕೆ ಬಂದ. ಮದುವೆಯೇ ಆಗಲಿಲ್ಲ. ಕಟ್ಟುವುದು, ಕೊಳ್ಳುವುದು, ನೆಡುವುದು ಇವೇ ಅವನ ಚಟ. ನನಗೆ ಈ ಮನೆತನದಲ್ಲಿ ಜಾಸ್ತಿ ಇಷ್ಟವಾಗುವವನೂ ಇವನೇ, ಕಾರಣ ಪ್ಯಾಕ್ಸ್‌ಟನ್. 1826ರ ಮೇ ತಿಂಗಳ ಒಂದು ದಿನ 22 ವರ್ಷದ ಆ ಹುಡುಗ ಕೆಲಸಕ್ಕೆ ಸೇರಲು ಬಂದಾಗ ಬೆಳಗಿನ ಜಾವ ನಾಲ್ಕೂವರೆ. ಯಾರೂ ಎದ್ದಿರಲಿಲ್ಲ. ಗೇಟು ಹತ್ತಿ ಒಳಗೆ ಹಾರಿದ. ತೋಟವೆಲ್ಲ ಸುತ್ತಿದ. ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದ. ಆಮೇಲೆ ಮನೆವಾರ್ತೆಯ ಹೆಂಗಸಿನ ಜೊತೆ ತಿಂಡಿಗೆ ಕೂತ. ಅಲ್ಲಿ ಅವಳ ತಂಗಿಯ ಮಗಳನ್ನೋ ಯಾರನ್ನೋ ನೋಡಿ ಒಂಬತ್ತು ಗಂಟೆಯೊಳಗೆ ಮನಸೋತ. ಮುಂದಿನ ವರ್ಷ ಅವಳನ್ನೇ ಮದುವೆಯಾದ. ಇದನ್ನೆಲ್ಲ ಹೇಳಿದವನು ಅವನೇ, ಹಾಗಾಗಿ ಸ್ವಲ್ಪ ಒಗ್ಗರಣೆ ಇರಬಹುದು.

ಈ ಪ್ಯಾಕ್ಸ್‌ಟನ್ 1836ರಿಂದ 1840ರವರೆಗೆ ಚ್ಯಾಟ್ಸ್‌ವರ್ತಿನಲ್ಲಿ ಒಂದು ಮಹಾ ಗಾಜಿನ ಮನೆ ಕಟ್ಟಿದ. ಎಂಟು ಬಾಯ್ಲರ್, ನೆಲದಡಿಯ ಸುರಂಗದಲ್ಲಿ ಹಳಿಯ ಮೇಲೆ ಕಲ್ಲಿದ್ದಲು ಸಾಗಾಟ. ಆ ಅನುಭವದ ಮೇಲೆಯೇ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎದ್ದಿತು. ಭಾರತದ ನಂಟೂ ಇದೆ. 1835ರಲ್ಲಿ ಡ್ಯೂಕ್ ತನ್ನ ತೋಟದ ಜಾನ್ ಗಿಬ್ಸನ್ ಎಂಬ ಹುಡುಗನನ್ನು ಹೊಸ ಗವರ್ನರ್ ಜನರಲ್ ಆಕ್ಲೆಂಡ್ ಬರುತ್ತಿದ್ದ ಹಡಗಿನಲ್ಲೇ ಕಲ್ಕತ್ತೆಗೆ ಕಳಿಸಿದ. ಗಿಬ್ಸನ್ ಖಾಸಿ ಗುಡ್ಡಗಳಲ್ಲಿ ಅಲೆದು ಆರ್ಕಿಡ್ ಗಿಡಗಳನ್ನು ರಾಶಿರಾಶಿಯಾಗಿ ಹೊತ್ತೊಯ್ದ. ರಷ್ಯಾದ ದೊರೆ ನಿಕೊಲಸ್ ಬರುತ್ತಾನೆ ಎಂದು 1844ರಲ್ಲಿ ಅವಸರದಿಂದ ಒಂದು ಕಾರಂಜಿ ಮಾಡಿಸಿದರು. ನೀರು 90 ಮೀಟರಿನಷ್ಟು ಮೇಲಕ್ಕೆ ಚಿಮ್ಮಿದ್ದೂ ಉಂಟು. ದೊರೆ ಬರಲೇ ಇಲ್ಲ.

ಖರ್ಚು ತಡೆಯುವವರು ಯಾರೂ ಇರಲಿಲ್ಲ. 1845ರಲ್ಲಿ ಲೊಂಡ್ಸ್‌ಬರೊ ಎಸ್ಟೇಟನ್ನು ರೈಲ್ವೆ ಕುಳ ಜಾರ್ಜ್ ಹಡ್ಸನ್‌ಗೆ ಮಾರಬೇಕಾಯಿತು. 1858ರಲ್ಲಿ ಡ್ಯೂಕ್ ತೀರಿದಾಗ ಸಾಲ ಸುಮಾರು 10 ಲಕ್ಷ ಪೌಂಡ್. ವಾರಸುದಾರ ಅವನ ಚಿಕ್ಕಪ್ಪನ ಮೊಮ್ಮಗ. ಕತ್ತರಿಸಿ ಬದಿಗಿಟ್ಟಿದ್ದ ಕಂದೇ ಈಗ ಕೆಲಸಕ್ಕೆ ಬಂತು.

ಈ ಏಳನೇ ಡ್ಯೂಕ್ ಗಣಿತದಲ್ಲಿ ಹುಷಾರು, ಬಿಗಿ ಮನುಷ್ಯ. ಬ್ಯಾರೋ ಎಂಬ ಸಣ್ಣ ಹಳ್ಳಿ ಇವನ ಕಾಲದಲ್ಲಿ ಕಬ್ಬಿಣ, ಉಕ್ಕು, ಹಡಗು ಕಟ್ಟುವ ಪಟ್ಟಣವಾಯಿತು. ಸಮುದ್ರ ದಂಡೆಯ ಈಸ್ಟ್‌ಬೋರ್ನ್ ಊರನ್ನೂ ಬೆಳೆಸಿದ. ಕೇಂಬ್ರಿಜ್‌ನಲ್ಲಿ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹಣ ಕೊಟ್ಟವನೂ ಇವನೇ. ಹೋಮಿ ಭಾಭಾ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬರುವ ಮೊದಲು ಕೆಲಸ ಮಾಡಿದ್ದು ಅಲ್ಲಿ. ಬ್ಯಾರೋ ಮೊದಮೊದಲು ದುಡ್ಡು ಸುರಿಯಿತು. ಆಮೇಲೆ ಉಕ್ಕಿನ ಬೆಲೆ ಬಿತ್ತು, ಹಾಕಿದ ಬಂಡವಾಳ ಮುಳುಗಿತು. ಸಾಲ ತೀರಿಸಲು ಹೊರಟವನು ಇನ್ನೂ ಜಾಸ್ತಿ ಸಾಲ ಬಿಟ್ಟುಹೋದ.

ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. 1882ರ ಕಾಯ್ದೆ ಬಂದ ಮೇಲೆ ಜೀವಮಾನದ ಹಕ್ಕುದಾರನೂ ಭೂಮಿ ಮಾರಬಹುದಾಯಿತು. ಎಂಟನೇ ಡ್ಯೂಕ್, ಹಿಂದೆ 1880-82ರಲ್ಲಿ ಲಂಡನ್ನಿನಲ್ಲಿ ಕೂತು ಭಾರತದ ಆಡಳಿತ ನೋಡುತ್ತಿದ್ದ ಮಂತ್ರಿ, ಐರ್ಲೆಂಡಿನ ಜಮೀನನ್ನು ಬಹಳಷ್ಟು ಮಾರಿ ಸಾಲ ಇಳಿಸಿದ. ಆದರೆ ನಿಜವಾದ ಪೆಟ್ಟು 1894ರದು, ಸಾವಿನ ತೆರಿಗೆ. ಯಜಮಾನ ಸತ್ತಾಗಲೆಲ್ಲ ಆಸ್ತಿಯ ಬೆಲೆಯಲ್ಲಿ ಒಂದು ಪಾಲು ಸರ್ಕಾರಕ್ಕೆ. ಮೊದಲು ಅತಿ ಹೆಚ್ಚೆಂದರೆ ನೂರಕ್ಕೆ 8. 1919ಕ್ಕೆ ಅದು 40 ಆಯಿತು. ಆಮೇಲೆ 80ಕ್ಕೆ ಏರಿತು. ನಮ್ಮಲ್ಲೂ 1953ರಿಂದ 1985ರವರೆಗೆ ಇಂಥ ತೆರಿಗೆ ಇತ್ತು, ಹಿರಿಯರಿಗೆ ನೆನಪಿರಬಹುದು.

ಒಂಬತ್ತನೇ ಡ್ಯೂಕ್ ಇದನ್ನು ಕಟ್ಟಿದವರಲ್ಲಿ ಮೊದಲಿಗ. 1914ರಲ್ಲಿ ಮನೆಯ ಅಪರೂಪದ ಪುಸ್ತಕಗಳು, ಶೇಕ್ಸ್‌ಪಿಯರ್ ನಾಟಕಗಳ ಮೊದಮೊದಲ ಮುದ್ರಣಗಳೂ ಸೇರಿ, ಅಮೆರಿಕದ ಪುಸ್ತಕ ಸಂಗ್ರಹಕಾರ ಹಂಟಿಂಗ್ಟನ್ ಕೈಗೆ ಹೋದವು. ಲಂಡನ್ನಿನ ಪಿಕಡಿಲಿಯಲ್ಲಿದ್ದ ಡೆವನ್‌ಶೈರ್ ಹೌಸ್ ಮಾರಾಟವಾಗಿ 1924ರಲ್ಲಿ ನೆಲಸಮವಾಯಿತು. 1929ರಲ್ಲಿ ಚಿಸಿಕ್ ಹೋಯಿತು. ಆ ಮಹಾ ಗಾಜಿನ ಮನೆ? ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಒಳಗಿನ ಗಿಡಗಳು ಸತ್ತವು. 1920ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು.

ಹತ್ತನೇ ಡ್ಯೂಕ್ ಮುಂದಾಲೋಚನೆಯವನು. 1946ರಲ್ಲಿ ಆಸ್ತಿಯನ್ನು ಒಂದು ಟ್ರಸ್ಟಿಗೆ ವರ್ಗಾಯಿಸಿದ. ಹಾಗೆ ಕೊಟ್ಟ ಮೇಲೆ ಐದು ವರ್ಷ ಬದುಕಿದ್ದರೆ ತೆರಿಗೆ ಇಲ್ಲ. 1950ರ ನವೆಂಬರ್ 26ರಂದು ಸೌದೆ ಒಡೆಯುತ್ತಿದ್ದಾಗ ಹೃದಯಾಘಾತವಾಗಿ ಸತ್ತ. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ವಯಸ್ಸು 55. ಹಿರಿಮಗ ಬಿಲ್ಲಿ 1944ರಲ್ಲೇ ಬೆಲ್ಜಿಯಂ ಯುದ್ಧದಲ್ಲಿ ಸತ್ತಿದ್ದ. ಅವನು ಮದುವೆಯಾಗಿ ನಾಲ್ಕು ತಿಂಗಳಷ್ಟೇ ಆಗಿತ್ತು. ಹೆಂಡತಿ ಕ್ಯಾಥ್ಲೀನ್, ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿಯ ತಂಗಿ. ಹೀಗೆ ಎರಡನೇ ಮಗ ಆ್ಯಂಡ್ರೂ 30ನೇ ವಯಸ್ಸಿಗೆ ಡ್ಯೂಕ್ ಆದ, ನೂರಕ್ಕೆ 80ರ ತೆರಿಗೆ ಬಿಲ್ಲು ಕೈಯಲ್ಲಿ ಹಿಡಿದು.

ತೀರಿಸಲು 17 ವರ್ಷ ಹಿಡಿಯಿತು. ಹತ್ತಾರು ಸಾವಿರ ಎಕರೆ ಮಾರಿದರು. ರೆಂಬ್ರಾಂಟ್‌ನ ಚಿತ್ರ, ಎಂಟನೇ ಹೆನ್ರಿಯ ಆಳೆತ್ತರದ ರೇಖಾಚಿತ್ರ ಎಲ್ಲ ಸರ್ಕಾರದ ಪಾಲಾದವು. ಬೆಸ್ ಆಸೆಪಟ್ಟು ಕಟ್ಟಿಸಿದ ಹಾರ್ಡ್‌ವಿಕ್ ಹಾಲ್ ಕೂಡ ತೆರಿಗೆಗೆ ಬದಲಾಗಿ ಹೋಯಿತು. ಚ್ಯಾಟ್ಸ್‌ವರ್ತನ್ನು ಮಾತ್ರ ಬಿಡಲಿಲ್ಲ. ಆ್ಯಂಡ್ರೂನ ಹೆಂಡತಿ ಡೆಬೊರಾ ಮನೆಯನ್ನು ಸರಿಯಾದ ವ್ಯಾಪಾರವನ್ನಾಗಿ ಮಾಡಿದಳು. ಟಿಕೆಟ್, 1977ರಲ್ಲಿ ಎಸ್ಟೇಟಿನ ಮಾಂಸ ತರಕಾರಿ ಮಾರುವ ಅಂಗಡಿ, ಹೋಟೆಲು. ಕೋಳಿ ಸಾಕುವುದೆಂದರೆ ಅವಳಿಗೆ ಪಂಚಪ್ರಾಣ. ಬೆಸ್ ಆದ ಮೇಲೆ ಈ ಮನೆಯಲ್ಲಿ ಲೆಕ್ಕ ಬಲ್ಲ ಹೆಂಗಸು ಎಂದರೆ ನಾನು ಇವಳನ್ನೇ ಹೇಳುತ್ತೇನೆ.

1981ರಲ್ಲಿ ಫ್ರಾನ್ಸಿನ ಹಳೆಯ ಚಿತ್ರಕಾರ ಪೂಸ್ಯಾನ ಒಂದು ಚಿತ್ರ ಮಾರಿ ಬಂದ ಹಣವನ್ನು ಮೂಲಧನವಾಗಿಟ್ಟು ಒಂದು ಧರ್ಮಾರ್ಥ ಟ್ರಸ್ಟ್ ಮಾಡಿದರು. ಮನೆ, ತೋಟ ಎಲ್ಲವನ್ನೂ 99 ವರ್ಷಕ್ಕೆ ಅದಕ್ಕೆ ಗುತ್ತಿಗೆ ಕೊಟ್ಟರು. ಗುತ್ತಿಗೆ ಹಣ ವರ್ಷಕ್ಕೆ 1 ಪೌಂಡ್. ಈಗಿನ ಹನ್ನೆರಡನೇ ಡ್ಯೂಕ್ ತಾನು ವಾಸಿಸುವ ಕೋಣೆಗಳಿಗೆ ಆ ಟ್ರಸ್ಟಿಗೆ ಬಾಡಿಗೆ ಕಟ್ಟುತ್ತಾನೆ. 17ನೇ ಶತಮಾನದ ವಕೀಲರ ಉಪಾಯವೇ ಇದು, ಬಟ್ಟೆ ಮಾತ್ರ ಬೇರೆ. ಮನೆಯಲ್ಲಿ ಇರುವವನು ಆಗಲೂ ಮಾಲೀಕನಲ್ಲ, ಈಗಲೂ ಅಲ್ಲ.

ಇದೆಲ್ಲ ಕೇಳಿ ‘ಆಹಾ, ಎಂಥ ಒಗ್ಗಟ್ಟು’ ಎಂದು ಮರುಗಬೇಡಿ. ನಿಮ್ಮ ಮುತ್ತಜ್ಜನ 60 ಎಕರೆ ಹಿಸ್ಸೆಯಾದದ್ದರಿಂದ ಎಷ್ಟು ಜನಕ್ಕೆ ಒಂದೊಂದು ತುಂಡು ನೆಲ ಸಿಕ್ಕಿತು ಎಂದು ಎಣಿಸಿ ನೋಡಿ. ಅಲ್ಲಿ ತಂಗಿಯರಿಗೆ, ತಮ್ಮಂದಿರಿಗೆ ಅದು ಸಿಗಲಿಲ್ಲ. ಉಳುತ್ತಿದ್ದ ಗೇಣಿದಾರರಿಗಂತೂ ಕೇಳುವುದೇ ಬೇಡ. ಕರ್ನಾಟಕದಲ್ಲಿ 1974ರಲ್ಲಿ ಬಂದ ‘ಉಳುವವನೇ ಹೊಲದೊಡೆಯ’ದಂಥ ಕಾನೂನು ಇಂಗ್ಲೆಂಡಿನಲ್ಲಿ ಬರಲೇ ಇಲ್ಲ. ಆರನೇ ಡ್ಯೂಕ್ 1838ರಿಂದ ಕೆಲವು ವರ್ಷದಲ್ಲಿ, ಅರಮನೆಯ ಕಿಟಕಿಗೆ ಕಾಣುತ್ತದೆ ಎಂದು ಎನ್ಸರ್ ಹಳ್ಳಿಯನ್ನೇ ಎತ್ತಿ ಮರೆಗೆ ಸಾಗಿಸಿದ. ಹೊಸ ಮನೆಗಳು ಚೆನ್ನಾಗಿಯೇ ಇದ್ದವು, ಆ ಮಾತು ಬೇರೆ. ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಹಕ್ಕಿ ಬೇಟೆಗೆಂದು ಕಾದಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕ ಹುಡುಗರು ‘ನಮಗೂ ಗುಡ್ಡದ ಮೇಲೆ ನಡೆಯಲು ಬಿಡಿ’ ಎಂದು ಒಳಗೆ ನುಗ್ಗಿದರು. ಐದು ಜನ ಜೈಲಿಗೆ ಹೋದರು. 70 ವರ್ಷದ ನಂತರ, 2002ರಲ್ಲಿ, ಅದರ ನೆನಪಿನ ಸಭೆಯಲ್ಲಿ ಆ್ಯಂಡ್ರೂ ತನ್ನ ಅಜ್ಜನ ಕಾಲದ ಆ ತಪ್ಪಿಗೆ ಎಲ್ಲರೆದುರು ಕ್ಷಮೆ ಕೇಳಿದ.

ಉಳಿದದ್ದು ಡೆವನ್‌ಶೈರಿನ ಸಂಶಯ. ಬಿರುದಿಗೂ ಭೂಮಿಗೂ ಸಂಬಂಧ ಇರಲೇಬೇಕು ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ರಾಜ ಒಂದನೇ ಜೇಮ್ಸ್ ದುಡ್ಡಿಗಾಗಿ ಬಿರುದು ಮಾರುತ್ತಿದ್ದ ಕಾಲ ಅದು. ಬೆಸ್‌ಳ ಮಗ ವಿಲಿಯಂ 1618ರಲ್ಲಿ ಅರ್ಲ್ ಆಗಲು 10 ಸಾವಿರ ಪೌಂಡ್ ಕೊಟ್ಟ ಎನ್ನುತ್ತಾರೆ. ಡರ್ಬಿಯ ಅರ್ಲ್ ಎಂಬ ಹೆಸರು ಆಗಲೇ ಸ್ಟ್ಯಾನ್ಲಿ ಮನೆತನದ ಬಳಿ ಇತ್ತು. ಡೆವನ್‌ಶೈರಿನ ಅರ್ಲ್ ಪದವಿ ಹಿಂದಿನವನು ಸತ್ತು ಖಾಲಿ ಬಿದ್ದಿತ್ತು, ಇವನಿಗೆ ಅದು ಬಂತು. 1688ರಲ್ಲಿ ಆರೆಂಜ್‌ನ ವಿಲಿಯಂನನ್ನು (ಮುಂದೆ ಇಂಗ್ಲೆಂಡಿನ ರಾಜನಾದ ಡಚ್ ದೊರೆ) ಇಂಗ್ಲೆಂಡಿಗೆ ಕರೆಸಿದ ಪತ್ರಕ್ಕೆ ಸಹಿ ಹಾಕಿದ ಏಳು ಜನರಲ್ಲಿ ನಾಲ್ಕನೇ ಅರ್ಲ್ ಒಬ್ಬ. ಅದರ ಫಲವಾಗಿ 1694ರಲ್ಲಿ ಡ್ಯೂಕ್ ಆದ, ಹೆಸರು ಅದೇ ಉಳಿಯಿತು. ಹೀಗಾಗಿ ಡೆವನ್‌ಶೈರಿನ ಡ್ಯೂಕ್ ಇರುವುದು ಡರ್ಬಿಶೈರಿನಲ್ಲಿ. ಡರ್ಬಿಯ ಅರ್ಲ್ ಮನೆ ಇರುವುದು ಲಿವರ್‌ಪೂಲ್ ಹತ್ತಿರದ ನೋಸ್ಲಿಯಲ್ಲಿ. ಡೆವನ್ನಿನ ಅರ್ಲ್ ಎಂದು ಇನ್ನೊಬ್ಬನಿದ್ದಾನೆ, ಕೋರ್ಟನೆ ಮನೆತನದವನು. ಅವನು ಮಾತ್ರ ನಿಜವಾಗಲೂ ಡೆವನ್ನಿನಲ್ಲೇ ಇರುತ್ತಾನೆ.